ವಿಶಾಲಕ್ಕ ಮತ್ತು ಭಾನುವಾರದ ಕುಂಬಳಕಾಯಿ

ವಿಶಾಲಕ್ಕ ಕಾರು ಓಡಿಸದಿದ್ದರೂ ಬ್ರೇಕ್ ಒತ್ತುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತರೆ ಅವರ ಬಲಗಾಲು ಸುಮ್ಮನಿದ್ದದ್ದೇ ಇಲ್ಲ. ಎದುರಿಗೊಂದು ಲಾರಿ ಕಂಡರೆ ಸಾಕು, ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿಬಿಡುವುದು. ಮೈಸೂರಿನವರು, ಬರ್ಲಿನ್ನಿಗೆ ಬಂದು ದಶಕಗಳಾಗಿದ್ದ ನಿವೃತ್ತ ಡಾಕ್ಟರು, ನಮ್ಮ ಮೇಲಿನ ಮಹಡಿಯವರು. ರೋಗಿಗಳ ಮುಂದೆ ಅದೇನು ತಾಳ್ಮೆಯಿತ್ತೋ, ನಮ್ಮ ಮನೆಯಲ್ಲಂತೂ ಒಂದು ಲೋಟ ಕಾಫಿಯನ್ನೂ ಕೂತು ಕುಡಿದವರಲ್ಲ.

ಅವರದೊಂದು ಹಟ. ಯಾರ ಮನೆಗೂ ಬರಿಗೈಯಲ್ಲಿ ಹೋಗಕೂಡದು. ಉಪ್ಪು ಕೇಳಲು ಬಂದರೂ ಕೈಯಲ್ಲೊಂದು ನಿಂಬೆಹಣ್ಣು. ಉಪ್ಪಿಗಿಂತ ನಿಂಬೆಹಣ್ಣೇ ದುಬಾರಿ ಅಂತ ನಾನು ರೇಗಿಸುತ್ತಿದ್ದೆ.

ಒಂದು ಭಾನುವಾರ ವಿಶಾಲಕ್ಕನಿಗೆ ಹೆಲ್ಗಾಳ ಮಗಳ ಫೋನು ಬಂತು: ಅಮ್ಮ ಇವತ್ತು ಕಳೆಯುವುದು ಕಷ್ಟ, ಬೇಗ ಬನ್ನಿ. ಹೆಲ್ಗಾ ಅಂದರೆ, ವಿಶಾಲಕ್ಕ ಹೊಸದಾಗಿ ಬಂದ ಚಳಿಗಾಲದಲ್ಲಿ, ಯಾರೂ ಬಾಡಿಗೆಗೆ ಮನೆ ಕೊಡದಿದ್ದಾಗ ತನ್ನ ಕೋಣೆಯಲ್ಲೇ ಜಾಗ ಕೊಟ್ಟ ನರ್ಸ್. ಅವಳಿದ್ದದ್ದು ಓಡರ್ ನದಿಯ ಕಡೆಯ ಒಂದು ಹಳ್ಳಿಯಲ್ಲಿ. ಭಾನುವಾರ ಅಲ್ಲಿಗೆ ಬಸ್ಸಿಲ್ಲ. ವಿಶಾಲಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ನನಗೋ ಲೈಸೆನ್ಸ್ ಸಿಕ್ಕ ಹೊಸತು. ಊರಾಚೆ ಕಾರು ತೆಗೆದದ್ದು ಅದೇ ಮೊದಲು.

ಊರು ದಾಟಿ ಒಂದಿಷ್ಟು ಹೋದದ್ದೇ ಬರೀ ಬಯಲು. ಗುಡ್ಡವಿಲ್ಲ, ತಿರುವಿಲ್ಲ, ಎತ್ತ ನೋಡಿದರೂ ಹುಲ್ಲು ಮತ್ತು ಗಾಳಿ. ಎಷ್ಟು ಓಡಿಸಿದರೂ ಇದ್ದಲ್ಲೇ ಇದ್ದೇವೇನೋ ಅನ್ನಿಸುತ್ತಿತ್ತು. ಅವತ್ತು ವಿಶಾಲಕ್ಕನ ಕಾಲು ಬ್ರೇಕ್ ಹುಡುಕಲಿಲ್ಲ, ಆಕ್ಸಿಲರೇಟರನ್ನೇ ಒತ್ತುತ್ತಿತ್ತು. ಅರ್ಧ ದಾರಿಯಲ್ಲಿ ತಟ್ಟನೆ ತಮ್ಮ ಕೈ ನೋಡಿಕೊಂಡರು. ಅವಸರದಲ್ಲಿ ಏನೂ ತಂದಿರಲಿಲ್ಲ.

ಭಾನುವಾರ ಈ ದೇಶದ ಅಂಗಡಿಗಳೆಲ್ಲ ಮುಚ್ಚಿರುತ್ತವೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೂ ದಾರಿ ಬಿಟ್ಟು ಊರೂರು ತಿರುಗಿಸಿದರು. ಬೇಕರಿ ಆಗಲೇ ಬಾಗಿಲು ಹಾಕಿತ್ತು. ಪೆಟ್ರೋಲ್ ಬಂಕಿನಲ್ಲಿ ಚಿಪ್ಸು, ಎಂಜಿನ್ ಆಯಿಲ್ಲು. ಹೊತ್ತಾಗುತ್ತಿದೆ, ಹೆಲ್ಗಾ ಏನೂ ಅಂದುಕೊಳ್ಳುವುದಿಲ್ಲ ಎಂದೆ.

“ಅವಳು ಅಂದ್ಕೊಳ್ಳಲ್ಲ ಕಣೇ. ಅವತ್ತು ಅವಳ ಬಾಗಿಲಿಗೆ ಬರಿಗೈಲೇ ಹೋಗಿದ್ದೆ. ಇವತ್ತೂ ಹಂಗೇ ಹೋಗ್ಲಾ?”

ನಾನು ಮುಂದಿನ ಊರಿನ ಕಡೆಗೆ ಕಾರು ತಿರುಗಿಸಿದೆ. ಕೊನೆಗೆ ಒಂದು ತೋಟದ ಮನೆಯ ಮುಂದೆ, ಕಾಯುವವರಿಲ್ಲದ ಮೇಜಿನ ಮೇಲೆ ಸಿಹಿಗುಂಬಳಗಳು ಕಂಡವು. ಪಕ್ಕದ ಡಬ್ಬಿಗೆ ದುಡ್ಡು ಹಾಕಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡು ಬಂದರು. ಮಡಿಲಲ್ಲಿಟ್ಟುಕೊಂಡು, ಆ ದಿನ ಮೊದಲ ಸಲ ನಕ್ಕರು.

ಹೆಲ್ಗಾಳ ಕೋಣೆಯ ಕಿಟಕಿ ತೆರೆದಿತ್ತು. ಮಗಳು ಬಾಗಿಲಲ್ಲೇ ತಡೆದು, ಅಮ್ಮ ಹೋಗಿ ಅರ್ಧ ಗಂಟೆಯಾಯಿತು, ನಿಮ್ಮನ್ನೇ ಕೇಳುತ್ತಿದ್ದಳು ಎಂದಳು. ವಿಶಾಲಕ್ಕ ಕುಂಬಳಕಾಯಿ ಹಿಡಿದುಕೊಂಡೇ ನಿಂತಿದ್ದರು. ಪಾಪ, ಆ ಹುಡುಗಿಯೇ ಕೈ ಚಾಚಿ ಅದನ್ನು ಇಸಿದುಕೊಂಡಳು. ವಾಪಸ್ ಬರುವಾಗ ಲಾರಿಗಳು ಎದುರಾದವು. ವಿಶಾಲಕ್ಕನ ಕಾಲು ಅಲುಗಲಿಲ್ಲ. ಆ ದಿನದ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಆಮೇಲೆ ನಾನು ಕೆಲಸಕ್ಕೆಂದು ದಕ್ಷಿಣದ ರೇಗನ್ಸ್‌ಬರ್ಗ್ ಊರಿಗೆ ಹೋದೆ. ಹೋದ ವರ್ಷ ವಿಶಾಲಕ್ಕ ಆಸ್ಪತ್ರೆಯಲ್ಲಿದ್ದಾರೆ, ಬಹಳ ಸೀರಿಯಸ್ಸು ಅಂತ ಗೊತ್ತಾದಾಗ ದಾರಿಯಲ್ಲಿ ಒಂದು ಟೀಗೂ ನಿಲ್ಲಿಸದೆ ಬರ್ಲಿನ್ನಿಗೆ ಓಡಿಸಿದೆ. ಕೋಣೆಯೊಳಗೆ ಕಾಲಿಟ್ಟಾಗ ಅವರ ಕಣ್ಣು ಮೊದಲು ಹೋದದ್ದು ನನ್ನ ಕೈಗಳ ಕಡೆಗೆ. ನಾಚಿಕೆಯಾಗಿ ಹಿಂದಕ್ಕೆಳೆದುಕೊಂಡೆ.

“ಬರಿಗೈಲಿ ಬಂದ್ಯಾ?” ಎಂದರು. “ಒಳ್ಳೇದ್ ಮಾಡ್ದೆ ಕಣೇ. ಕೂತ್ಕೋ.”

ನನ್ನ ಖಾಲಿ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಸಂಜೆ, ಅವರ ಹಿಡಿತ ತಾನಾಗಿ ಸಡಿಲುವವರೆಗೂ, ನಾನು ಬಿಡಿಸಿಕೊಳ್ಳಲಿಲ್ಲ.