ಗಡ್ಡದ ಮೇಲೆ ಕೂಡದ ಮಾಸ್ಕು

ಮೂಡಲು ಕೆಂಪಾಗುವ ಹೊತ್ತಿಗೆ ನಿಜಗುಣಪ್ಪ ಊರಿನ ನೀರು ಶುದ್ಧ ಮಾಡುವ ಫಿಲ್ಟರ್ ಹೌಸಿನ ಕ್ಲೋರಿನ್ ಕೋಣೆಯ ಬಾಗಿಲು ತೆಗೆದು, ಹೊಸ್ತಿಲಾಚೆಯೇ ನಿಂತು ಮೂಗು ಮುಂದೆ ಮಾಡುತ್ತಾರೆ. ವಾಸನೆ ಇಲ್ಲ. ಒಳಹೋಗಿ ಸಿಲಿಂಡರಿನ ವಾಲ್ವು ತಿರುವಿ ಮಲಪ್ರಭೆಯ ನೀರಿಗೆ ಗ್ಯಾಸು ಬಿಡುತ್ತಾರೆ. ಈ ನೀರು ಕುಡಿಯುವ ಊರಿಗೆ ಇವರ ಹೆಸರು ಗೊತ್ತಿಲ್ಲ. ನೀರು ತುಸು ಘಾಟು ಬಂದ ದಿನ ಮಾತ್ರ ಯಾವನವನು ಎಂದು ಬೈಯುತ್ತದೆ. ಎದೆ ಮುಟ್ಟುವ ಗಡ್ಡ ಕಂಡು, ಯಾವ ಮಠದ ಸ್ವಾಮಿಗಳೋ ಎಂದು ಕೈ ಮುಗಿಯುವವರೂ ಉಂಟು!

ಸ್ವಾಮಿಯಲ್ಲ, ಹರಕೆ ಹೊತ್ತ ಮನುಷ್ಯ. 1996ರಲ್ಲಿ ಇದೇ ಕೋಣೆಯಲ್ಲಿ ವಾಲ್ವು ಸೋರಿ, ಜೊತೆಗಾರ ಲಕ್ಕಪ್ಪ ಬಿದ್ದುಬಿಟ್ಟರು. ಆಗ ನೌಕರರಿಗೆ ಕೊಟ್ಟಿದ್ದು ಖಾಕಿ ಅಂಗಿ, ಅಷ್ಟೇ. ನಿಜಗುಣಪ್ಪ ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿ ಒಳನುಗ್ಗಿ ಗೆಳೆಯನನ್ನು ಎಳೆದು ತಂದರು. ದವಾಖಾನೆಯ ಬಾಗಿಲಲ್ಲೇ ಸಿರಸಂಗಿ ಕಾಳಮ್ಮನಿಗೆ ಬೇಡಿಕೊಂಡರು: ಲಕ್ಕಪ್ಪ ಮತ್ತೆ ಡ್ಯೂಟಿಗೆ ಬರುವ ತನಕ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಲಕ್ಕಪ್ಪ ಬದುಕಿದರು. ಆದರೆ ಎದೆ ಸೋತುಹೋಗಿ ಕೆಲಸಕ್ಕೆ ಬರಲೇ ಇಲ್ಲ. ಗಡ್ಡ ಬೆಳೆಯುತ್ತಲೇ ಹೋಯಿತು.

ಈಗ, 2004ರಲ್ಲಿ, ಕೊನೆಗೂ ಗ್ಯಾಸ್ ಮಾಸ್ಕು ಬಂದಿದೆ. ಒಂದೇ ಒಂದು. ಗಡ್ಡದ ಮೇಲೆ ಅದು ಬಿಗಿಯಾಗಿ ಕೂಡುವುದಿಲ್ಲ, ಸಂದಿಯಲ್ಲಿ ಗ್ಯಾಸು ನುಗ್ಗುತ್ತದೆ. ಸೋಮವಾರದೊಳಗೆ ಗಡ್ಡ ತೆಗೆಯಿರಿ, ಇಲ್ಲವೇ ಆ ಕೋಣೆಗೆ ಕಾಲಿಡಬೇಡಿ ಎಂದು ಎಂಜಿನಿಯರ್ ಶೈಲಜಾ ಮೇಡಂ ಹೇಳಿಬಿಟ್ಟಿದ್ದಾರೆ. ಹರಕೆ ಮುರಿದರೆ ಮನೆ ಉಳಿದೀತೇ ಎಂದು ಹೆಂಡತಿ ಸಿದ್ದಲಿಂಗವ್ವ ಕೇಳುತ್ತಾರೆ. ಪಾಪ, ಅತ್ತ ದರಿ, ಇತ್ತ ಪುಲಿ.

“ಇಷ್ಟ ದಿನ ನನ್ನ ಕಾಯ್ದಾಕಿ ಆ ತಾಯಿ. ಈಗ ನಾ ಕಾಯತೇನಿ ಅಂತ ಮಾಸ್ಕ್ ಬಂದೈತಿ. ಯಾರ ಮಾತ ಕೇಳ್ಲಿರಿ? ತಲಿ ಗಿರ್ ಅನ್ನಾಕ ಹತ್ತೇತಿ,” ಎನ್ನುತ್ತಾರೆ ನಿಜಗುಣಪ್ಪ.

ಸುದ್ದಿ ಲಕ್ಕಪ್ಪನವರ ಕಿವಿಗೂ ಬೀಳುತ್ತದೆ. ಭಾನುವಾರ ಬೆಳಗ್ಗೆ ಅವರೇ ಉಸಿರು ಎಳೆಯುತ್ತ, ನಿಂತು ನಿಂತು ಫಿಲ್ಟರ್ ಹೌಸಿಗೆ ಬರುತ್ತಾರೆ. ಹೊರಗಿನ ಪಂಪಿನ ಸ್ವಿಚ್ಚು ಒತ್ತಿ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ.

“ಡ್ಯೂಟಿಗೆ ಬಂದೇನಿ ನೋಡಲೇ. ಇನ್ನ ಬೋಳಿಸು. ಕಾಳಮ್ಮ ಕೇಳಿದ್ರ ನನ್ನ ಹೆಸರ ಹೇಳು.”

ಒಂದು ಸ್ವಿಚ್ಚು ಒತ್ತಿದರೆ ಡ್ಯೂಟಿ ಆಯಿತೇ? ತಾಯಿ ಇದನ್ನು ಒಪ್ಪುತ್ತಾಳೆಯೇ? ನಿಜಗುಣಪ್ಪನವರಿಗೆ ಬಗೆಹರಿಯುವುದಿಲ್ಲ. ಗೆಳೆಯನ ಎದೆ ಏರಿಳಿಯುವುದನ್ನು ನೋಡಿ ಕಣ್ಣು ತುಂಬುತ್ತದೆ. ಮಧ್ಯಾಹ್ನ ಕ್ಷೌರದಂಗಡಿಗೆ ಹೋಗಿ ಕೂರುತ್ತಾರೆ.

ಸೋಮವಾರ ಬೋಳು ಗಲ್ಲದ ಮೇಲೆ ಮಾಸ್ಕು ಬಿಗಿಯಾಗಿ ಕೂಡುತ್ತದೆ. ಹರಕೆ ತೀರಿತೋ ಮುರಿಯಿತೋ ಎಂದು ಕೇಳಿದರೆ ಆ ತಾಯಿಗೇ ಗೊತ್ತು ಎನ್ನುತ್ತಾರೆ. ಇನ್ನೇನಾದರೂ ಬೇಕೇ ಎಂದು ಮೇಡಂ ಕೇಳಿದಾಗ ಮಾತ್ರ ತಡವರಿಸುವುದಿಲ್ಲ.

“ಇನ್ನೊಂದ ಮಾಸ್ಕ್ ಕೊಡಸ್ರಿ. ನಾ ಒಳಗ ಬಿದ್ರ, ಎಳ್ಯಾಕ ಬರಾಂವ್ಗೂ ಬೇಕಲ್ರಿ.”