ಅವ್ವನ ಹಿತ್ತಿಲ ಗಿಡ

ದಿಂಡಿಗಲ್ಲಿನಿಂದ, ಮೇಲೆ ಬೆಟ್ಟದಲ್ಲಿ ಕಟ್ಟುತ್ತಿದ್ದ ಅಣೆಕಟ್ಟೆಗೆ ಸಾಮಾನಿನ ಗಾಡಿ ಹೊಡೆಯುತ್ತಿದ್ದಾಗ ನನಗೆ ಕಾಮಾಲೆ ಹಿಡಿಯಿತು. ದಾರಿಯಲ್ಲಿದ್ದ ಕಂಬಂ ಊರಿನ ಹತ್ತಿರ ನಮ್ಮ ಕನ್ನಡದವರದೇ ಮನೆಯ ಮುದುಕಿಯೊಬ್ಬಳು ನನ್ನ ರೆಪ್ಪೆ ಎತ್ತಿ ನೋಡಿ, "ಹೊಟ್ಟೇಲಿ ಈಲಿ ಕೆಟ್ಟೈತೆ, ಇಲ್ಲೇ ಇರು" ಅಂದಳು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಯಾವುದೋ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವಳು. ಗಿಡ ಯಾವುದೆಂದು ಹೇಳಿದರೆ ಮದ್ದು ನಾಟುವುದಿಲ್ಲವಂತೆ. ಕಾಸನ್ನೂ ಮುಟ್ಟುತ್ತಿರಲಿಲ್ಲ.

ಕಣ್ಣು ಸ್ವಲ್ಪ ತಿಳಿಯಾದ ಮೇಲೆ ಸುಮ್ಮನೆ ಕೂತು ಉಣ್ಣಲು ನಾಚಿಕೆಯಾಯಿತು. ಆಕೆ ನೀರಿಗೆ ಹೋದಾಗ ಹಿತ್ತಿಲ ಕಳೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿದೆ. ಬಂದವಳು ಕೊಡ ಇಳಿಸುವುದನ್ನೇ ಮರೆತಳು.

"ಏನಪ್ಪಾ ಮಾಡ್ದೆ?"

"ಕಳೆ ಕಿತ್ತೆ ಅವ್ವಾ. ಇದ್ರಲ್ಲಿ ಬೇಕಾದ್ದೇನಾದ್ರೂ ಇತ್ತಾ?"

ಆಕೆ ಕೊಡ ಇಳಿಸಿ, ಗುಡ್ಡೆಯತ್ತ ಕೈ ಚಾಚಿ, ಹಿಂತೆಗೆದಳು. ತೋರಿಸಿದರೆ ಮದ್ದು ಕೆಡುತ್ತದೆ, ತೋರಿಸದಿದ್ದರೆ ಗಿಡ ಬಾಡುತ್ತದೆ.

"ಏನೂ ಇಲ್ಲ. ಮೇಕೆಗಾಯ್ತದೆ" ಎಂದವಳು, ಮುಳ್ಳುಗಿಡವನ್ನೂ ಬಿಡದೆ ಇಡೀ ಗುಡ್ಡೆಯನ್ನು ತಬ್ಬಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮನೆಯಲ್ಲಿ ಮೇಕೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಮಜ್ಜಿಗೆ ಕುಡಿಯುವಾಗ ಮೇಕೆ ಯಾರೆಂದು ಗೊತ್ತಾಯಿತು.