ಅತ್ತೆಯ ಕೈಗೆ ಕಟ್ಟಿದ ಕಪ್ಪು ರಿಬ್ಬನ್

ಸಂಕೇತಕ್ಕೆ ಅರ್ಥವಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅರ್ಥವಿಲ್ಲದ್ದನ್ನು ನಮ್ಮ ಅತ್ತೆಯ ಕೈಗೇ ಯಾಕೆ ಕಟ್ಟಿದಿರಿ?

ನಮ್ಮದು ಬೈಂದೂರು ಕಡೆಯ ಕಡಲಂಚಿನ ಊರು. ಗಂಡ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಬ್ರಹ್ಮಾವರದ ಶಾಲೆಯಲ್ಲಿ ಪಾಠ ಮಾಡುವ ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಅತ್ತೆಯ ಮೊಣಕಾಲು ಸವೆದಿದೆ. ಗೋಡೆ ಹಿಡಿದು ಅಡುಗೆಮನೆಯಿಂದ ಜಗಲಿಗೆ ಬಂದಾರು, ಅಂಗಳಕ್ಕಿಳಿಯಬೇಕಾದರೆ ಯಾರಾದರೂ ಎತ್ತಿಕೊಳ್ಳಬೇಕು. ಬಾಯಿ ಮಾತ್ರ ಚುರುಕು.

ಹೋದ ಬೇಸಿಗೆ ರಜೆಯಲ್ಲಿ ಊರಿನ ಶಾಲೆಯಲ್ಲಿ ಸುನಾಮಿಯ ಅಣಕು ಕಾರ್ಯಾಚರಣೆ ನಡೆಯಿತು. ನಮ್ಮ ನೆರೆಮನೆಯವರೇ ಪಂಚಾಯತ್ ಸದಸ್ಯರು. ಅತ್ತೆ ಮಾಡಿದ ಕೊಟ್ಟೆಕಡುಬು ತಿಂದೇ ಬೆಳೆದ ಮನುಷ್ಯ. ಅವರೇ ಆಟೋ ತಂದು ಅತ್ತೆಯನ್ನು ಶಾಲೆಗೆ ಕರೆದೊಯ್ದರು. ಜೊತೆಗೆ ನಾನೂ ಹೋದೆ. ಹೊರಗಿನಿಂದ ಬಂದ ಅಧಿಕಾರಿ ಮೊದಲು ಪರದೆಯ ಮೇಲೆ ಒಂದು ಗಡಿಯಾರ ತೋರಿಸಿದರು. ದೂರದೇಶದ ವಿಜ್ಞಾನಿಗಳು ಇಟ್ಟದ್ದಂತೆ. ಮುಳ್ಳು ರಾತ್ರಿ ಹನ್ನೆರಡಕ್ಕೆ ಮುಟ್ಟಿತೆಂದರೆ ಪ್ರಪಂಚದ ಕಥೆ ಮುಗಿಯಿತಂತೆ. ಈಗ ಉಳಿದಿರುವುದು ಕೆಲವು ಸೆಕೆಂಡು ಮಾತ್ರವಂತೆ. ಅಣುಬಾಂಬು, ಬಿಸಿಯೇರುವ ಭೂಮಿ, ಉಕ್ಕುವ ಕಡಲು ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ ಎಂದರು. ಅತ್ತೆ ಕೂತಲ್ಲಿಂದಲೇ ಕೇಳಿದರು:

“ಹ್ವಾಯ್, ಆ ಮುಳ್ಳ್ ತಿರ್ಗ್ಸುದ್ ಯಾರ್?”

ಜನ ನಕ್ಕರು. ತಿಳಿದವರು ಕೆಲವರು ಕೂತು ಯೋಚಿಸಿ ತಿರುಗಿಸುತ್ತಾರೆ, ಅದು ಬರೀ ಸಂಕೇತ ಎಂದು ಅಧಿಕಾರಿ ಸಮಾಧಾನ ಹೇಳಿದರು. ಹಾಗಾದರೆ ಅಂದಾಜೇ ಅಲ್ಲವೇ, ಅಳಿಯ ಅಲ್ಲ ಮಗಳ ಗಂಡ ಎಂದ ಹಾಗಾಯಿತು ಎಂದು ನಾನು ಒಳಗೊಳಗೇ ಅಂದುಕೊಂಡೆ. ಆ ಹೊತ್ತಿಗೆ ನನಗೂ ಅದೊಂದು ಆಟವೆನಿಸಿತ್ತು.

ಆಮೇಲೆ ಅಣಕಿನಲ್ಲಿ ಯಾರು ಗಾಯಾಳು, ಯಾರು ಸತ್ತವರು ಎಂದು ಗುರುತಿಸಲು ಕೈಗೆ ರಿಬ್ಬನ್ ಕಟ್ಟುವ ಕೆಲಸ. ಕೆಂಪು ಕಟ್ಟಿದವರನ್ನು ಮೊದಲು ಜೀಪಿನಲ್ಲಿ ಸಾಗಿಸಬೇಕು, ಹಳದಿಯವರನ್ನು ನಂತರ. ಹಸಿರಿನವರು ನಡೆದು ಹೋಗುವವರು. ಕಪ್ಪು ಎಂದರೆ ಸತ್ತವರು. ಅವರನ್ನು ಎಲ್ಲ ಮುಗಿದ ಮೇಲೆ ನೋಡಿಕೊಂಡರಾಯಿತು. ಹಂಚಿದ್ದು ಅದೇ ಸದಸ್ಯರು. ಕೈಗೆ ಸಿಕ್ಕಿದ್ದನ್ನು ಸಿಕ್ಕಿದವರಿಗೆ ಕಟ್ಟುತ್ತಾ ಹೋದರು, ಯೋಚಿಸಿದ್ದೇನೂ ಕಾಣಲಿಲ್ಲ. ಕೊನೆಗೆ ನೋಡಿದರೆ ಕಪ್ಪು ರಿಬ್ಬನ್ನು ಕಟ್ಟಿಸಿಕೊಂಡವರೆಲ್ಲ ಮುದುಕಿಯರು. ನಮ್ಮ ಅತ್ತೆಯೂ ಅವರಲ್ಲೊಬ್ಬರು.

ನಾನು ಸುಮ್ಮನಿರಲಿಲ್ಲ. ಇದೇನು ಹೀಗೆ ಎಂದು ಕೇಳಿದೆ. ಬಣ್ಣಕ್ಕೆ ಅರ್ಥವಿಲ್ಲ ಮೇಡಂ, ಯಾರಿಗಾದರೂ ಕಟ್ಟಲೇಬೇಕಲ್ಲ ಎಂದರು ಅಧಿಕಾರಿ. ಹಾಗಿದ್ದರೆ ಸದಸ್ಯರಿಗೇ ಕಟ್ಟಿ ಎಂದೆ. ಅದಕ್ಕೂ ನಕ್ಕರು. ಅತ್ತೆ ಹೊನ್ನೆ ಮರದ ನೆರಳಿನಲ್ಲಿ ಚಾಪೆಯ ಮೇಲೆ ಶವವಾಗಿ ಮಲಗಿದರು. ಬದುಕಿ ಉಳಿದವರೆಲ್ಲ ಗೋಳಿಬಜೆ ತಿಂದು ಚಾ ಕುಡಿದ ಮೇಲೆ ಸತ್ತವರ ನೆನಪಾಯಿತು. ಅಷ್ಟರಲ್ಲಿ ಚಾ ಖಾಲಿ. ಸತ್ತವರಿಗೆ ಚಾ ಎಂತಕ್ಕೆ ಎಂದು ಅತ್ತೆಯೇ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಆ ರಾತ್ರಿಯಿಂದ ನಾನು ಗಡಿಯಾರವನ್ನು ಆಟವೆನ್ನುವುದನ್ನು ಬಿಟ್ಟೆ. ಮುಳ್ಳನ್ನು ಇಡುವುದೂ ರಿಬ್ಬನ್ನು ಕಟ್ಟುವುದೂ ಅಂದಾಜಿನಲ್ಲೇ, ಒಪ್ಪುತ್ತೇನೆ. ಆದರೆ ಮನುಷ್ಯ ಯೋಚಿಸದೆ ಮಾಡುವ ಅಂದಾಜಿನಲ್ಲೇ ಅವನ ಮನಸ್ಸಿನಲ್ಲಿರುವುದು ಹೊರಗೆ ಬೀಳುತ್ತದೆ. ಪ್ರಪಂಚ ಯಾವಾಗ ಮುಳುಗುತ್ತದೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಳುಗುವಾಗ ಯಾರನ್ನು ಬಿಟ್ಟು ಓಡುತ್ತಾರೆ ಎಂಬುದು ಮಾತ್ರ ಊರಿಗೇ ಗೊತ್ತಿತ್ತು.

ಆಷಾಢದಲ್ಲಿ ಕಡಲು ನಿಜಕ್ಕೂ ಬಂತು. ಸುನಾಮಿಯಲ್ಲ, ಪ್ರತಿ ಮಳೆಗಾಲದ ಕಡಲ್ಕೊರೆತ. ಈ ಸಲ ತಡೆಗೋಡೆಯ ಕಲ್ಲುಗಳನ್ನೇ ನುಂಗಿ ಅಂಗಳಗಳಿಗೆ ನುಗ್ಗಿತು. ಬ್ರಹ್ಮಾವರದಲ್ಲಿದ್ದ ನನಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ. ಸದಸ್ಯರಿಗೆ ಫೋನ್ ಮಾಡಿದೆ.

“ಎಲ್ರೂ ಶಾಲಿಗ್ ಬಂದ್ರ್, ನೀವ್ ಹೆದ್ರ್‌ಬೇಡಿ” ಎಂದರು.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಊರಿನಲ್ಲಿ ಇಳಿಯುವವರೆಗೂ ಆ ಮಾತನ್ನೇ ನಂಬಿ ಕೂತಿದ್ದೆ. ಊರ ಶಾಲೆಯಲ್ಲಿ ಗಂಜಿ ಬಡಿಸುತ್ತಿದ್ದರು. ಸದಸ್ಯರ ಮನೆಯ ಟಿವಿ ಬೆಂಚಿನ ಮೇಲೆ ಕೂತಿತ್ತು. ಅವರ ದನ ಕಂಬಕ್ಕೆ ಕಟ್ಟಿಸಿಕೊಂಡು ಹುಲ್ಲು ತಿನ್ನುತ್ತಿತ್ತು. ಅತ್ತೆ ಇರಲಿಲ್ಲ. ಸದಸ್ಯರನ್ನು ಕೇಳಿದರೆ, ಜೀಪು ತುಂಬಿತ್ತು, ಅಜ್ಜಿಯನ್ನು ಇನ್ನೊಂದು ಸಲಕ್ಕೆ ತರೋಣ ಎಂದುಕೊಂಡಿದ್ದೆವು, ಅಷ್ಟರಲ್ಲಿ ದಾರಿಗೆ ನೀರು ಬಂತು ಎಂದು ನೆಲ ನೋಡಿದರು. ನೀವು ಬರುತ್ತೀರಲ್ಲ ಅಂದುಕೊಂಡೆ ಎಂದೂ ಸೇರಿಸಿದರು. ಆ ಹೊತ್ತಿನಲ್ಲಿ ನನ್ನ ಕೈಗೆ ಏನಾದರೂ ಸಿಕ್ಕಿದ್ದರೆ ಎಸೆದೇಬಿಡುತ್ತಿದ್ದೆ.

ಆಟೋದವರೊಬ್ಬರು ನನ್ನ ಜೊತೆ ಬಂದರು. ಮೊಣಕಾಲು ಮುಳುಗುವ ನೀರಿನಲ್ಲಿ ಇಬ್ಬರೂ ಮನೆ ಸೇರಿದೆವು. ಅತ್ತೆ ಹೇಗೋ ಅಡುಗೆಮನೆಯ ಕಟ್ಟೆ ಹತ್ತಿ ಗೋಡೆಗೆ ಒರಗಿ ಕೂತಿದ್ದರು. ಕೆಳಗೆ ನೀರಿನಲ್ಲಿ ಪಾತ್ರೆಗಳು ತೇಲುತ್ತಿದ್ದವು. ಅವರನ್ನು ಕಂಡ ಕೂಡಲೇ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಊರಿನ ಮೇಲಿದ್ದ ಸಿಟ್ಟನ್ನೆಲ್ಲ ಅವರ ಮೇಲೆಯೇ ತೀರಿಸಿಕೊಂಡೆ.

“ಒಂದ್ ಬೊಬ್ಬೆ ಹಾಕುಕ್ ಆಯ್ಲಿಲ್ಯಾ ನಿಮ್ಗೆ?”

ಅತ್ತೆ ನನ್ನ ಹೆಗಲಿಗೆ ಕೈ ಹಾಕಿದರು. ಕೈ ತಣ್ಣಗಿತ್ತು.

“ಹಾಕ್ದೆ ಹೆಣ್ಣೇ. ಜೀಪ್ ಹ್ವಾಪ ಹೊತ್ತಿಗೆ ಜಗ್ಲಿಯಂಗ್ ನಿಂತ್ ಕೈಯೂ ಬೀಸ್ದೆ. ಅವ್ರ್ ನನ್ನ್ ಕಂಡ್ರ್.”